ಸೋಮವಾರದ ಉಂಗುರಗಳು

ಬೆಂಗಳೂರಿನಿಂದ ಹನ್ನೆರಡು ಉಂಗುರಗಳು ವಾಪಸ್ ಬಂದವು. ಬೆರಳಿಗೆ ಹಾಕುವಂಥವಲ್ಲ, ವಿಮಾನದ ಎಂಜಿನ್ನಿಗೆ ಹೋಗುವ ಉಕ್ಕಿನ ಉಂಗುರಗಳು. ಎಂಜಿನ್ ಮಾಡುವವರು ಯಾವುದೋ ದೇಶದವರು. ಅವರು ಬೆಂಗಳೂರಿನ ಕಂಪನಿಗೆ ಕೆಲಸ ಕೊಡುತ್ತಾರೆ, ಅದು ಶಿಕಾರಿಪುರದ ನಮ್ಮ ಬೆನಕಪ್ಪನವರ ವರ್ಕ್‌ಶಾಪಿಗೆ ಕೊಡುತ್ತದೆ. ಎಂಜಿನ್ನಿನಲ್ಲಿ ಇದು ಎಲ್ಲಿ ಕೂರುತ್ತದೆ ಎಂದು ಮಗಳು ಕೇಳಿದರೆ ಇವತ್ತಿಗೂ ಗಾಳಿಯಲ್ಲಿ ಒಂದು ಸುತ್ತು ಬರೆದು ತೋರಿಸುತ್ತೇನೆ, ಅಷ್ಟೇ.

ಹನ್ನೆರಡರ ತೂತೂ ಕೂದಲೆಳೆಯ ಕಾಲು ಭಾಗದಷ್ಟು ದೊಡ್ಡದಾಗಿದೆಯಂತೆ. ಅಳತೆ ನೋಡಿ ಸಹಿ ಹಾಕಿದವಳು ನಾನು. ಶನಿವಾರದೊಳಗೆ ಕಾರಣ ಬರೆದು ಕಳಿಸದಿದ್ದರೆ ಮುಂದಿನ ಆರ್ಡರ್ ಇಲ್ಲ. ಆರ್ಡರ್ ಇಲ್ಲದಿದ್ದರೆ ಅಳತೆಯವಳೂ ಬೇಡ.

"ನಿದ್ದೆಗಣ್ಣಾಗ ನೋಡಿದ್ರೇನು ಗಂಗಾಶ್ರೀ?" ಎಂದರು ಬೆನಕಪ್ಪ.

"ಇಲ್ರೀ ಸಾವ್ಕಾರ್ರೆ, ಒಂದೊಂದಕ್ಕೂ ಗೇಜು ಹಾಕಿ ನೋಡೀನಿ."

ಗೇಜು ಎಂದರೆ ಹೆಬ್ಬೆರಳು ದಪ್ಪದ ಉಕ್ಕಿನ ಕಡ್ಡಿ. ಒಂದು ತುದಿ ತೂತಿಗೆ ಇಳಿಯಬೇಕು, ಇನ್ನೊಂದು ಇಳಿಯಬಾರದು. ಈಗ ಹಾಕಿ ನೋಡಿದರೆ ಇಳಿಯಬಾರದ ತುದಿಯೂ ಸಲೀಸಾಗಿ ಇಳಿಯಿತು. ಅದೇ ಗೇಜು, ಅದೇ ಉಂಗುರ, ಅದೇ ಕೈ. ಉಕ್ಕು ತಾನಾಗಿ ಹಿಗ್ಗುತ್ತದೆಯೇ?

"ಬಸ್ಸಿನ ಕುಲುಕಾಟಕ್ಕೆ ಹಿಗ್ಗಿರ್ಬೇಕು ಬಿಡಕ್ಕಾ," ಎಂದ ತೂತು ಕೊರೆಯುವ ಲೇತ್ ಯಂತ್ರದ ಚನ್ನೇಶ್. "ಸೊರಬದಿಂದ ದಿನಾ ಬಂದು ಬಂದು ನನ್ ಮೂಳೆನೇ ಸಡ್ಲ ಆಗಿದಾವೆ."

ನಗು ಬರಲಿಲ್ಲ. ಕಳಿಸಿದ್ದು ನಲವತ್ತು, ಬಂದದ್ದು ಹನ್ನೆರಡೇ ಏಕೆ? ಅಳತೆಯ ದಿನ ಬರೆದು ಕಟ್ಟಿದ್ದ ಚೀಟಿಗಳನ್ನು ಸಾಲಾಗಿ ಜೋಡಿಸಿದೆ. ಹನ್ನೆರಡೂ ಸೋಮವಾರದವು.

ಸೋಮವಾರ ಬೆನಕಪ್ಪ ಲೇತಿಗೆ ವಿಭೂತಿ ಹಚ್ಚುತ್ತಾರೆ. ಅವತ್ತು, ಅಳತೆಯಲ್ಲಿ ಒಂದೂ ತಪ್ಪಾಗದಿರಲಿ ಎಂದು, ನಾನು ಗೇಜಿನ ಎರಡೂ ತುದಿಗೆ ಮೂರು ಮೂರು ಗೆರೆ ಎಳೆದಿದ್ದೆ. ಆಮೇಲೆ ಒರೆಸಿದ್ದೂ ಹೌದು. ಪೂರ್ತಿ ಒರೆಸಲು ಮಾತ್ರ ಮನಸ್ಸು ಬಂದಿರಲಿಲ್ಲ. ಇಳಿಯಬೇಕಾದ ತುದಿಯೇ ಇಳಿಯುತ್ತಿಲ್ಲವೆಂದು ಚನ್ನೇಶನಿಂದ ಇನ್ನಷ್ಟು ಕೊರೆಸಿದ್ದೆ. ಸಂಜೆ ಎಂದಿನಂತೆ ಗೇಜನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟಿದ್ದೆ.

ಬೆನಕಪ್ಪನವರ ಎದುರಿಗೇ ಮತ್ತೆ ಹಚ್ಚಿ, ಒರೆಸಿ, ಹಾಕಿ ತೋರಿಸಿದೆ. ಸಲೀಸಾಗಿ ಇಳಿದಿದ್ದ ಆ ಇಳಿಯಬಾರದ ತುದಿ ಈಗ ತೂತಿನ ಬಾಯಲ್ಲೇ ನಿಂತಿತು.

ಅವರು ತಮ್ಮ ಹಣೆ ಮುಟ್ಟಿಕೊಂಡರು. "ಬಿಸಿಗೆ ಹಿಗ್ಗೈತಿ ಅಂತ ಬರೀರಿ. ಯಾರಿಗ್ ಗೊತ್ತಾಗ್ತೈತಿ?"

"ಮ್ಯಾಲೆ ಜನ ಕೂತಿರ್ತಾರ್ರೀ."

"ಹಂಗಾರೆ ನಿಮ್ ಹೆಸ್ರೇ ಬರ್ಕೊಳ್ರಿ."

ಬರೆದೆ. ಗೇಜಿಗೆ ವಿಭೂತಿ ಹಚ್ಚಿದ್ದು ನಾನು, ಇನ್ನು ಮುಂದೆ ಅದರ ಪೆಟ್ಟಿಗೆಗೆ ಮಾತ್ರ ಹಚ್ಚುತ್ತೇನೆ.

ಶನಿವಾರ ಬೆಂಗಳೂರಿನಿಂದ ಉತ್ತರ ಬಂತು, ಜೊತೆಗೊಂದು ಫಾರಮ್ಮು. ಕಾರಣ ಒಪ್ಪಿದ್ದೇವೆ, ಆರ್ಡರ್ ಮುಂದುವರಿಯಲಿ, ಅಳತೆ ಗಂಗಾಶ್ರೀಯವರೇ ನೋಡಲಿ. ಆದರೆ ವಿಭೂತಿ ಎಂಬ ವಸ್ತು ನಮ್ಮ ಪಟ್ಟಿಯಲ್ಲಿಲ್ಲ. ಅದರ ತಯಾರಕರ ಹೆಸರು, ಪರೀಕ್ಷಾ ಪತ್ರ ಕಳಿಸಿ.

ನಾನು ಪೂಜೆಯ ತಟ್ಟೆಯಲ್ಲಿದ್ದ ವಿಭೂತಿ ಗಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಇದನ್ನ ಯಾರ್ ಮಾಡಿದ್ದ್ರೀ, ಸಾವ್ಕಾರ್ರೆ?"

"ನಮ್ಮವ್ವ ಉಡುತಡಿ ಅಂಗಡಿಯಾಗ ತಂದಿದ್ದು. ಅಂಗಡಿಯವನಿಗೆ ಯಾರೋ ತಂದ್ಕೊಡ್ತಾರೆ. ಅವರಿಗೆ ಇನ್ಯಾರೋ."

ಫಾರಮ್ಮಿನಲ್ಲಿ ತಯಾರಕರ ಹೆಸರಿಗೆ ಇದ್ದದ್ದು ಒಂದೇ ಗೆರೆ.