ಹೂತಿಗಣೆಯ ಕಾವಲು

ಕಾಸಿಲ್ದಾ ದಿನಾ ಬೆಳಿಗ್ಗೆ ಗಿಡ ಬೆಳೆಸುವ ಪ್ಲಾಸ್ಟಿಕ್ ಮನೆಗೆ ಹೋಗಿ ಹುಳ ಎಣಿಸಿ ಬರುತ್ತಿದ್ದಳು. ಬಂದವಳು ಗಂಡನಿಗೆ ಸುಳ್ಳು ಹೇಳುತ್ತಿದ್ದಳು.

ಎಣಿಸುವುದೇನೂ ಕಷ್ಟದ ಕೆಲಸವಲ್ಲ. ದೊಣ್ಣೆಮೆಣಸಿನ ಹೂವಿನ ಕೆಳಗೆ ಬಿಳಿ ತಟ್ಟೆ ಹಿಡಿದು ಬೆರಳಲ್ಲಿ ಎರಡು ಸಲ ತಟ್ಟಿದರೆ ಒಳಗಿದ್ದದ್ದೆಲ್ಲ ಉದುರುತ್ತದೆ. ದಾರದ ಎಳೆಯ ಹಾಗೆ ಸಣ್ಣಗೆ, ಹಳದಿಯಾಗಿ ಓಡುವುದು ಥ್ರಿಪ್ಸ್. ಹೂವನ್ನು ಹೀರಿ, ಗಿಡದಿಂದ ಗಿಡಕ್ಕೆ ರೋಗ ಹೊತ್ತುಕೊಂಡು ಹೋಗುವ ಶನಿ ಅದು. ಅದರ ಬೆನ್ನಟ್ಟುವ ಕಪ್ಪು ಚುಕ್ಕೆ ಹೂತಿಗಣೆ. ಇದನ್ನು ದುಡ್ಡು ಕೊಟ್ಟು, ಬಾಟಲಿಯಲ್ಲಿ ಹೊಟ್ಟಿನ ಜೊತೆ ತುಂಬಿಸಿ ತಂದು, ಉಪ್ಪು ಉದುರಿಸಿದ ಹಾಗೆ ಗಿಡಗಳ ಮೇಲೆ ಉದುರಿಸಿದ್ದಳು. ಸೆಪ್ಟೆಂಬರ್ ಕೊನೆಯಲ್ಲಿ ಹತ್ತು ಹೂವು ತಟ್ಟಿದರೆ ಅರವತ್ತು ಥ್ರಿಪ್ಸ್ ಬೀಳುತ್ತಿದ್ದವು, ತಿಗಣೆ ಎರಡೇ ಎರಡು. ಮನೆಯ ಬಾಗಿಲಲ್ಲಿ ಕಾಯುತ್ತಿದ್ದ ಗಂಡ ಹಿನೆಸ್ ಎಷ್ಟೆಂದು ಕೇಳಿದರೆ ಅವಳು, ಇಪ್ಪತ್ತು ಥ್ರಿಪ್ಸ್, ಎಂಟು ತಿಗಣೆ ಎನ್ನುವಳು.

ನಿಜ ಹೇಳಿದರೆ ಅವನು ಔಷಧಿ ಹೊಡೆಯಲು ಹೊರಡುತ್ತಾನೆ ಎಂಬ ಭಯ ಅವಳಿಗೆ. ಹೊಡೆದರೆ ಸಾಯುತ್ತಾನೆ.

ಅಲ್ಮೆರಿಯಾದ ಪ್ಲಾಸ್ಟಿಕ್ ಮನೆಗಳ ಬಯಲಿನಲ್ಲಿ ಇಪ್ಪತ್ತಾರು ವರ್ಷ ಔಷಧಿ ಹೊಡೆದ ಮನುಷ್ಯ ಹಿನೆಸ್. ಕೈಗೆ ಗ್ಲೌಸಿಲ್ಲ, ಮೂಗಿಗೆ ಬಟ್ಟೆಯಿಲ್ಲ. ಮುಖಕ್ಕೆ ಮುಸುಕು ಹಾಕಿಕೊಳ್ಳುವವರನ್ನು ಕಂಡರೆ ಮದುವಣಗಿತ್ತಿ ಬಂದಳು ಎಂದು ನಗುವ ಜಾತಿ. ಕಳೆದ ಮಾರ್ಚಿನಲ್ಲಿ ಸಾಲುಗಳ ನಡುವೆ ಬಾಯಲ್ಲಿ ನೊರೆ ಕಟ್ಟಿಕೊಂಡು ಬಿದ್ದಿದ್ದ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡು ಕಳಿಸುವಾಗ ಡಾಕ್ಟರು ಕಾಸಿಲ್ದಾಳನ್ನು ಪಕ್ಕಕ್ಕೆ ಕರೆದು, ರಕ್ತದಲ್ಲಿ ತಡೆಯುವ ಶಕ್ತಿ ಉಳಿದಿಲ್ಲ, ಇನ್ನೊಂದು ಸಲ ವಿಷ ಒಳಗೆ ಹೋದರೆ ನನಗೆ ಫೋನ್ ಮಾಡಬೇಡಿ, ಪಾದ್ರಿಗೆ ಮಾಡಿ ಎಂದಿದ್ದರು. ಅಂದೇ ಅವಳು ಉಳಿದ ಬಾಟಲಿಗಳನ್ನು ಉಗ್ರಾಣಕ್ಕೆ ನೂಕಿ ಬೀಗ ಜಡಿದು, ಕೀಲಿಯನ್ನು ಕೊರಳಲ್ಲಿದ್ದ ಸಮುದ್ರಮಾತೆಯ ಪದಕದ ಜೊತೆ ಕಟ್ಟಿಕೊಂಡಳು.

ಬೆಳೆಗಾರರ ಸಂಘದಿಂದ ಬರುತ್ತಿದ್ದ ಅರಾಸೆಲಿ ಎಂಬ ಹುಡುಗಿ ಹುಳದ ದಾರಿ ತೋರಿಸಿದ್ದು. ಊರಲ್ಲಿ ಆಗ ಇದು ಹೊಸದು. ಪಕ್ಕದ ಪ್ಲಾಸ್ಟಿಕ್ ಮನೆಯ ಫ್ರಸ್ಕೀತೋ ಬಾಯಿ ಬಿಟ್ಟರೆ ಬರೀ ಕೊಂಕು. ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಇರಲಾರದೆ ಇರುವೆ ಬಿಟ್ಕೊಂಡ ಅಂತಾರಲ್ಲ, ಹಿನೆಸ್ ದುಡ್ಡು ಕೊಟ್ಟು ಬಿಟ್ಕೊಂಡಿದಾನೆ ನೋಡ್ರಪ್ಪಾ" ಎಂದಿದ್ದ. ಹಿನೆಸ್ ಆವತ್ತಿನಿಂದ ಡಾಮಿನೋ ಆಡಲು ಹೋಗುವುದನ್ನೇ ಬಿಟ್ಟ. ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವನು, ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅವನ್ನೇ ನೋಡುವನು. ಕಾಸಿಲ್ದಾ ಒಳಗಿಂದ ಕದ್ದು ನೋಡಿ, ಸದ್ಯ ಸುಮ್ಮನೆ ಕೂತಿದ್ದಾನೆ ಎಂದು ಉಸಿರು ಬಿಡುವಳು. ಅವಳ ಲೆಕ್ಕದಲ್ಲಿ ಗಂಡ ಕೂತಿದ್ದರೆ ಕ್ಷೇಮ, ಎದ್ದರೆ ಅಪಾಯ. ಅಷ್ಟೇ ಅವಳು ಕಂಡದ್ದು.

ಕಾಯುವ ದಿನಗಳು ಮುಗಿಯುವಂತೆಯೇ ಇರಲಿಲ್ಲ. ಮೊದಲ ಸಾಲಿನಲ್ಲಿ ಏಳು ಗಿಡಕ್ಕೆ ರೋಗ ತಗುಲಿ ಎಲೆ ಕಂಚಿನ ಬಣ್ಣಕ್ಕೆ ತಿರುಗಿತು. ಅವಳು ಅವನ್ನು ಕಿತ್ತು, ಹಿನೆಸ್‌ಗೆ ಕಾಣದ ಹಾಗೆ ಚೀಲದಲ್ಲಿ ತುಂಬಿ ದೂರ ಹಾಕಿ ಬಂದಳು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಅವಳಿಗೆ ಬೀಗ ಒಡೆದ ಸದ್ದೇ ಕೇಳುವುದು. ಅವನು ಚಪ್ಪಲಿ ಮೆಟ್ಟಿದರೆ ಸಾಕು, ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರು. ಅರಾಸೆಲಿ ಬಂದಾಗಲೆಲ್ಲ ಹೇಳುವುದು ಒಂದೇ ಮಾತು: ಇನ್ನೊಂದು ವಾರ ತಡೆದುಕೊಳ್ಳಿ, ತಿಗಣೆ ಮರಿ ಮಾಡುತ್ತಿದೆ.

ಅಕ್ಟೋಬರ್ ಎರಡನೆಯ ವಾರ ತಟ್ಟೆಯ ಲೆಕ್ಕ ತಿರುಗಿತು. ಹತ್ತು ಹೂವಿಗೆ ಒಂಬತ್ತು ಥ್ರಿಪ್ಸ್, ಹನ್ನೆರಡು ತಿಗಣೆ. ನಂಬಿಕೆಯಾಗದೆ ಇನ್ನೂ ಹತ್ತು ಹೂವು ತಟ್ಟಿದಳು. ಕಿತ್ತಳೆ ಬಣ್ಣದ ಮರಿ ತಿಗಣೆಗಳು ತಟ್ಟೆಯ ತುಂಬ ಓಡಾಡಿದವು. ಒಂದು ಮರಿ ತನಗಿಂತ ಉದ್ದದ ಥ್ರಿಪ್ಸಿಗೆ ಮೂತಿ ಚುಚ್ಚಿ ಹೀರುತ್ತಿತ್ತು. ಕಾಸಿಲ್ದಾ ಸಾಲಿನ ನಡುವೆ ನೆಲದ ಮೇಲೆಯೇ ಕೂತು ಅತ್ತುಬಿಟ್ಟಳು.

ಸಂತೋಷದಲ್ಲಿ ಬುದ್ಧಿ ಮಂಕಾಗುತ್ತದೆ ಎಂಬುದು ಸುಳ್ಳಲ್ಲ. ಕೆಲವು ಕಾಯಿಗಳ ತುದಿ ಕೊಳೆಯುತ್ತಿತ್ತು, ಎಲೆಗೆ ಕ್ಯಾಲ್ಸಿಯಂ ನೀರು ಹೊಡೆಯಬಹುದು, ಅದರಿಂದ ಹುಳಕ್ಕೇನೂ ಆಗದು ಎಂದು ಅರಾಸೆಲಿ ಹೇಳಿ ಹೋಗಿದ್ದಳು. ಕುರ್ಚಿಯಲ್ಲಿ ಕೂತ ಗಂಡನ ಮುಖ ನೋಡಿ ಕಾಸಿಲ್ದಾಳಿಗೆ ಕರುಳು ಚುರ್ ಎಂದಿತು. ವಿಷವಲ್ಲದ ಕೆಲಸ ತಾನೇ, ಇವನೇ ಮಾಡಲಿ ಎಂದುಕೊಂಡಳು. ಹಳೆಯ ಡ್ರಮ್ಮು, ಪಂಪು, ಅರವತ್ತು ಮೀಟರ್ ಉದ್ದದ ರಬ್ಬರ್ ಪೈಪು, ಎಲ್ಲವನ್ನೂ ಎಳೆದು ತಂದು ಸೋಪು ಹಾಕಿ ಮೂರು ಸಲ ತೊಳೆದಳು. ಮೂರನೆಯ ಸಲದ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ಹಿನೆಸ್ ಪಕ್ಕದಲ್ಲೇ ನಿಂತು ನೋಡಿದ. ಸ್ಪ್ರೇ ಗನ್ನು ಕೈಗೆ ಕೊಟ್ಟಾಗ ಮಾತ್ರ ಹಿಂದಿನ ಕಾಲದ ಹಾಗೆ ಅದನ್ನು ಹೆಗಲ ಮೇಲಿಟ್ಟುಕೊಂಡು, "ಸರಿ, ದಾರಿ ಬಿಡು" ಎಂದ.

ಸಂಜೆಯ ತಂಪಿನಲ್ಲಿ ಪೂರ್ವದ ಹನ್ನೆರಡು ಸಾಲು ಮುಗಿಸಿದ. ಸಿಳ್ಳೆ ಹಾಕುತ್ತಲೇ ಹೊಡೆದ. ಪಶ್ಚಿಮದ ಅರ್ಧ ನಾಳೆಗೆ ಉಳಿಯಿತು. ಮನೆಗೆ ಬಂದು ತಲೆನೋವು ಎಂದು ಊಟ ಬಿಟ್ಟು ಮಲಗಿದ. ಆರು ತಿಂಗಳ ಮೇಲೆ ದುಡಿದ ಮೈ, ಆಯಾಸವಾಗಿದೆ ಎಂದುಕೊಂಡಳು ಕಾಸಿಲ್ದಾ.

ಮರುದಿನ ಬೆಳಿಗ್ಗೆ ಪೂರ್ವದ ಮೊದಲ ಗಿಡದ ಹೂವುಗಳನ್ನು ತಟ್ಟಿದಳು. ತಟ್ಟೆಗೆ ಐದು ತಿಗಣೆ ಬಿದ್ದವು. ಒಂದೂ ಓಡಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಐದೂ ಕಾಲು ಮೇಲೆ ಮಾಡಿಕೊಂಡಿದ್ದವು. ಎರಡನೆಯ ಗಿಡ, ಐದನೆಯ ಗಿಡ, ಮುಂದಿನ ಸಾಲು, ಅದರ ಮುಂದಿನದು, ಎಲ್ಲ ಕಡೆಯೂ ಅದೇ. ಓಡಿಹೋಗಿ ಪಶ್ಚಿಮದ ಅರ್ಧದಲ್ಲಿ ತಟ್ಟಿದಳು. ಅಲ್ಲಿ ಎಲ್ಲವೂ ಜೀವಂತ. ಕೊರಳು ಮುಟ್ಟಿ ನೋಡಿಕೊಂಡಳು, ಕೀಲಿ ಇತ್ತು. ಹಾಗಾದರೆ ಇವನು ಎಲ್ಲೋ ಒಂದು ಬಾಟಲಿ ಬಚ್ಚಿಟ್ಟಿದ್ದಾನೆ. ತನ್ನ ಕಣ್ಣೆದುರೇ ಡ್ರಮ್ಮಿಗೆ ಸುರಿದು, ಸಿಳ್ಳೆ ಹಾಕಿಕೊಂಡು ಹೊಡೆದಿದ್ದಾನೆ.

ಹಿನೆಸ್ ಅಡುಗೆಮನೆಯಲ್ಲಿ ಟೊಮೆಟೊ ಸವರಿದ ರೊಟ್ಟಿಯನ್ನು ಮುಂದಿಟ್ಟುಕೊಂಡು ಕೂತಿದ್ದ. ತಿಂದಿರಲಿಲ್ಲ. ಹಣೆಯ ಮೇಲೆ ಬೆವರಿತ್ತು. ಅದು ಅವಳ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಪ್ಪು ಮಾಡಿದವನ ಬೆವರು ಎಂದುಕೊಂಡಳು.

"ಏನು ಬೆರೆಸಿದೆ?" ಎಂದು ಕೇಳಿದಳು.

"ಎಲ್ಲಿಗೆ?"

"ನಾಟಕ ಆಡಬೇಡ. ಅರ್ಧ ಮನೆ ತಿಗಣೆ ಸತ್ತು ಬಿದ್ದಿದೆ. ಬಾಟಲಿ ಎಲ್ಲಿಟ್ಟಿದೀಯ ಹೇಳು."

ತಾನೇನೂ ಬೆರೆಸಿಲ್ಲ ಎಂದು ಅವನು ತನ್ನ ತಾಯಿಯ ಗೋರಿಯ ಮೇಲೆ ಆಣೆ ಇಟ್ಟ. ನಂಬಲಿಲ್ಲ ಅವಳು. ಆರು ತಿಂಗಳು ನುಂಗಿಕೊಂಡ ಭಯವೆಲ್ಲ ಬಾಯಿಗೆ ಬಂತು. ಹೆಂಡತಿಗೆ ಮೋಸ ಮಾಡುವ ಕಳ್ಳ ಎಂದಳು, ನಿನ್ನನ್ನು ಕಾಯುವುದಕ್ಕಿಂತ ಹುಚ್ಚುನಾಯಿ ಕಾಯುವುದು ಸುಲಭ ಎಂದಳು, ಸಾಯುವುದಿದ್ದರೆ ನನ್ನ ಗಿಡಗಳ ನಡುವೆ ಸಾಯಬೇಡ ಎಂದಳು. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುವುದಿಲ್ಲ. ಹಿನೆಸ್ ಮೇಜು ಹಿಡಿದು ಎದ್ದ. ಟೋಪಿ ಹಾಕಿಕೊಂಡು ಹೊರಟುಹೋದ.

ಅವಳು ಅರಾಸೆಲಿಗೆ ಫೋನ್ ಮಾಡಿದಳು. ಮುಕ್ಕಾಲು ಗಂಟೆಯಲ್ಲಿ ಅವಳ ಕಾರು ಬಂತು. ಕಾಸಿಲ್ದಾ ಮನೆಗೆ ತಂದಿಟ್ಟಿದ್ದ ತಟ್ಟೆಯಲ್ಲಿನ ಸತ್ತ ತಿಗಣೆಗಳನ್ನು ನೋಡಿದ ಅರಾಸೆಲಿ ಹಿನೆಸ್‌ನ ಸುದ್ದಿಯನ್ನೇ ಎತ್ತಲಿಲ್ಲ. ಕ್ಯಾಲ್ಸಿಯಂ ಯಾವುದರಲ್ಲಿ ಹೊಡೆದಿರಿ ಎಂದು ಕೇಳಿದಳು. ಕಾಸಿಲ್ದಾ ಸ್ವಲ್ಪ ಹೆಮ್ಮೆಯಿಂದಲೇ, ನಮ್ಮದೇ ಮೆಷಿನ್ನು, ನಾನೇ ಮೂರು ಸಲ ತೊಳೆದೆ ಎಂದಳು.

ಅರಾಸೆಲಿಯ ಮುಖ ಬಿಳಿಚಿತು. "ಅಕ್ಕಾ, ಅದನ್ನ ತೊಳೆಯೋಕಾಗಲ್ಲ. ಇಪ್ಪತ್ತಾರು ವರ್ಷ ವಿಷ ಕುಡಿದಿರೋ ರಬ್ಬರು ಅದು. ಪಂಪಿನ ಹೊಟ್ಟೇಲಿ, ಫಿಲ್ಟರಲ್ಲಿ ಗಟ್ಟಿಯಾಗಿ ಕೂತಿರುತ್ತೆ. ನೀರು ಹೋದಷ್ಟೂ ಬಿಟ್ಕೊಳ್ತಾ ಹೋಗುತ್ತೆ. ಎಸೀಬೇಕಾಗಿತ್ತು. ನಾನು ಹೇಳಬೇಕಾಗಿತ್ತು." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು, "ಹೊಡೆದವರು ಯಾರು? ಮುಖಕ್ಕೆ ಏನಾದ್ರೂ ಕಟ್ಕೊಂಡಿದ್ರಾ?"

ತಲೆನೋವು, ಬಿಟ್ಟ ಊಟ, ಹಣೆಯ ಬೆವರು, ಎಲ್ಲವೂ ಒಟ್ಟಿಗೆ ಕಾಸಿಲ್ದಾಳ ಮುಂದೆ ಬಂದು ನಿಂತವು. ಬಾಟಲಿಗಳಿಗೆ ಬೀಗ ಹಾಕಿ, ವಿಷದ ಪೈಪನ್ನು ಗಂಡನ ಕೈಗೆ ಕೊಟ್ಟಿದ್ದಳು. ಅವನು ಆಣೆ ಇಟ್ಟದ್ದು ನಿಜ. ಈಗ ಎಲ್ಲಿದ್ದಾನೆ? ಅರಾಸೆಲಿಯ ಕಾರಿನಲ್ಲಿ ಹೋಗಿ ನೋಡಿದರೆ ಕಾಫಿ ಅಂಗಡಿಯಲ್ಲಿ ಇರಲಿಲ್ಲ. ಫ್ರಸ್ಕೀತೋ ಬಾಗಿಲಲ್ಲೇ ನಿಂತಿದ್ದ. ಅವಳ ಮುಖ ನೋಡಿದವನೇ ಕೊಂಕು ಮರೆತು, ಪ್ಲಾಸ್ಟಿಕ್ ಮನೆಯ ಕಡೆ ಹೋದ ಹಾಗಿತ್ತು, ಕಾಲು ಸ್ವಲ್ಪ ಎಳೆಯುತ್ತಿದ್ದ ಎಂದ.

ಕಾರು ಮಣ್ಣುದಾರಿಗೆ ತಿರುಗುವಾಗಲೇ ಪಂಪಿನ ಮೋಟರಿನ ಸದ್ದು ಕೇಳಿಸಿತು.

ಕಾಸಿಲ್ದಾ ಕಾರು ನಿಲ್ಲುವ ಮೊದಲೇ ಇಳಿದು ಓಡಿದಳು. ಮೋಟರು ಆರಿಸುವಷ್ಟೂ ತಾಳ್ಮೆಯಿರಲಿಲ್ಲ. ಒಳಗೆ ಪಶ್ಚಿಮದ ಸಾಲುಗಳಲ್ಲಿ ಮಂಜು ಕವಿದಂತೆ ಹನಿ ತೇಲುತ್ತಿತ್ತು. ಹೆಸರು ಹಿಡಿದು ಕೂಗುತ್ತಾ ನುಗ್ಗಿದಳು. ಮೊದಲ ಸಾಲಿನಲ್ಲಿ ಅವನಿಲ್ಲ. ಎರಡನೆಯದರಲ್ಲಿ ಒದ್ದೆ ಎಲೆ ಮುಖಕ್ಕೆ ಬಡಿಯಿತು. ಮೂರನೆಯದರಲ್ಲಿ ಅವನ ಟೋಪಿ ಬಿದ್ದಿತ್ತು. ನಾಲ್ಕನೆಯ ಸಾಲಿನ ಕೊನೆಯಲ್ಲಿ ಹಿನೆಸ್ ಕಂಬಕ್ಕೆ ಒರಗಿ ನಿಂತಿದ್ದ, ಅಂಗಿ ಮೈಗೆ ಅಂಟಿತ್ತು, ಗನ್ನು ಇನ್ನೂ ಕೈಯಲ್ಲಿತ್ತು. ಅರಾಸೆಲಿ ಹೊರಗೆ ಮೋಟರು ನಿಲ್ಲಿಸಿದಳು. ಆ ನಿಶ್ಶಬ್ದದಲ್ಲಿ ಅವನ ಉಸಿರು ನೀರಿನಲ್ಲಿ ಗುಳುಗುಟ್ಟಿದಂತೆ ಕೇಳಿತು.

ಅವಳ ಕಡೆ ತಿರುಗಿದ. ಜೊಲ್ಲು ಗಲ್ಲದಿಂದ ಇಳಿಯುತ್ತಿತ್ತು. ಕಣ್ಣಿನ ಪಾಪೆ ಗುಂಡುಸೂಜಿಯ ಮೊನೆಯಷ್ಟಾಗಿತ್ತು.

"ದೀಪ ಹಾಕೇ, ಕತ್ತಲಾಯ್ತು. ಸಾಲೇ ಕಾಣ್ತಿಲ್ಲ" ಎಂದ.

ಆಗ ಬೆಳಗಿನ ಹನ್ನೊಂದು ಗಂಟೆ. ಪ್ಲಾಸ್ಟಿಕ್ಕಿನ ಮೇಲೆ ಕಣ್ಣು ಕೋರೈಸುವ ಬಿಸಿಲು.

ಇಬ್ಬರೂ ಸೇರಿ ಅವನನ್ನು ಹೊರಗೆ ಎಳೆದು ತಂದರು. ಕಾಸಿಲ್ದಾ ಅವನ ಅಂಗಿ ಚಡ್ಡಿ ಎಲ್ಲ ಹರಿದು ತೆಗೆದು, ತೊಟ್ಟಿಯ ನೀರನ್ನು ಬಕೆಟ್ಟು ಬಕೆಟ್ಟು ಸುರಿದು ಸೋಪಿನಿಂದ ತಿಕ್ಕಿದಳು. ನಿನ್ನೆ ಪೈಪನ್ನು ತಿಕ್ಕಿದ್ದು ಅದೇ ಕೈ. ಕಾರಿನಲ್ಲಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು, ಪ್ರತಿ ಉಸಿರಿಗೂ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾದಳು. ಒಂದು ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು ಬಂತು. ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಏನು ವಿಷ ಎಂದು ಕೇಳಿ, ದನಿ ತಗ್ಗಿಸಿ, ತಾನಾಗೇ ತಗೊಂಡರಾ ಎಂದಳು.

"ಇಲ್ಲ, ನಾನು ಕೊಟ್ಟಿದ್ದು" ಎಂದಳು ಕಾಸಿಲ್ದಾ.

ಎರಡು ದಿನ ಯಾರೂ ಏನನ್ನೂ ಖಚಿತವಾಗಿ ಹೇಳಲಿಲ್ಲ. ಸೂಜಿಯ ಮೇಲೆ ಸೂಜಿ ಚುಚ್ಚಿದರು, ಮೂಗಿಗೆ ಕೊಳವೆ ಇಳಿಸಿದರು. ಮೂರನೆಯ ದಿನ ಪಾಪೆ ಅರಳಿತು. ಪಾದ್ರಿಗೆ ಫೋನ್ ಮಾಡಿ ಎಂದಿದ್ದ ಡಾಕ್ಟರೇ ಬಂದು, ಬದುಕಿದ, ಹೇಗೆಂದು ನನ್ನನ್ನು ಕೇಳಬೇಡಿ ಎಂದು ಹೇಳಿ ಹೋದರು.

ಹಿನೆಸ್‌ಗೆ ಮಾತು ಬಂದ ಮೇಲೆ ಅವಳು ಅವನ ಕೈ ಹಿಡಿದು ಎಲ್ಲ ಹೇಳಿದಳು. ವಿಷ ಪೈಪಿನೊಳಗೇ ಇತ್ತು, ನನಗೆ ಗೊತ್ತಾಗಲಿಲ್ಲ, ನೀನು ಆಣೆ ಇಟ್ಟರೂ ನಂಬಲಿಲ್ಲ, ನಾನೇ ನಿನ್ನನ್ನು ಕೊಲ್ಲುವುದರಲ್ಲಿದ್ದೆ ಎಂದು ಬಿಕ್ಕಿದಳು. ಅವನು ಚಾವಣಿ ನೋಡುತ್ತಾ ಕೇಳಿಸಿಕೊಂಡ.

"ನಂಗೆ ಗೊತ್ತಿತ್ತು ಕಣೇ" ಎಂದ.

"ಏನು ಗೊತ್ತಿತ್ತು?"

"ಪೈಪು ಶುದ್ಧ ಆಗಲ್ಲ ಅಂತ. ಮೊದಲನೇ ಸಾಲಲ್ಲೇ ವಾಸನೆ ಬಂತು. ಇಪ್ಪತ್ತಾರು ವರ್ಷ ಕುಡಿದ ಗಾಳಿ, ನಂಗೆ ತಿಳಿಯಲ್ವಾ."

ಕಾಸಿಲ್ದಾಳ ಅಳು ಅಲ್ಲಿಗೇ ನಿಂತಿತು. ಮತ್ತೆ ಯಾಕೆ ಗನ್ನು ಕೆಳಗಿಡಲಿಲ್ಲ ಎಂದು ಕೇಳಿದಳು.

"ಆರು ತಿಂಗಳಾದ ಮೇಲೆ ನೀನು ನನ್ನ ಕೈಗೆ ಒಂದು ಕೆಲಸ ಕೊಟ್ಟಿದ್ದೆ. ಹೇಳಿದ್ರೆ ಕಿತ್ಕೊಳ್ತಿದ್ದೆ."

"ಮಾರನೇ ದಿನ?"

"ಮಾರನೇ ದಿನ ನೀನು ಅಷ್ಟು ಬೈದೆಯಲ್ಲ." ಅವನು ಉಸಿರಿಗಾಗಿ ತಡೆದ. "ಅರ್ಧ ಆಗಿತ್ತು. ಮುಗಿಸಿಬಿಡೋಣ ಅನ್ನಿಸ್ತು."

ಇಷ್ಟು ದಿನ ಅವಳು ಬಾಟಲಿಗೆ ಹೆದರಿದ್ದಳು, ಥ್ರಿಪ್ಸಿಗೆ ಹೆದರಿದ್ದಳು, ಅವನು ಕುರ್ಚಿಯಿಂದ ಎದ್ದರೆ ಹೆದರಿದ್ದಳು. ಕುರ್ಚಿಯಲ್ಲಿ ಕೂತೇ ಇರುವಾಗ ಅವನೊಳಗೆ ಏನು ನಡೆಯುತ್ತಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ. ಈಗ ಹುಟ್ಟಿದ ಭಯದ ಮುಂದೆ ಹಿಂದಿನದೆಲ್ಲ ಸಣ್ಣದಾಗಿ ಕಂಡಿತು.

"ಇನ್ನು ಹಾಗೆ ಮಾಡಲ್ಲ ಅಂತ ಹೇಳು" ಎಂದಳು.

ಅವನು ನೀರು ಕೇಳಿದ. ಲೋಟ ಹಿಡಿದು ಕುಡಿಸಿದಳು. ಕುಡಿದು ಮುಗಿಸಿ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದ. ಅವಳು ಇನ್ನೊಮ್ಮೆ ಕೇಳಿದಳು. ಅವನು ನಿದ್ದೆ ಮಾಡುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು, ಆದರೂ ಮಾತು ಕೊಡಲಿಲ್ಲ.