ಎರಡನೆಯ ದನಿ

"ನಿಲ್ಲಿಸಿ, ನಿಲ್ಲಿಸಿ," ಎಂದು ರಾಜೇಂದ್ರ ಕೀಬೋರ್ಡಿನಿಂದ ಕೈ ಎತ್ತಿದರು. ಹಾಡುತ್ತಿದ್ದವರ ದನಿಗಳು ಒಂದೊಂದಾಗಿ ಉದುರಿದವು. ಸಂಪತ್‌ನ ದಪ್ಪ ದನಿ ಮಾತ್ರ ಎರಡು ಹೆಜ್ಜೆ ಮುಂದೆ ಹೋಗಿ, ಯಾರೂ ಜೊತೆಗಿಲ್ಲವೆಂದು ತಿಳಿದು ನಾಚಿಕೊಂಡು ನಿಂತಿತು. "ಅಮೂಲ್ಯಾ, ಮತ್ತೆ ಕೆಳಗಿಳಿದ್ಯಲ್ಲಮ್ಮ. ಮೂರನೇ ಸಾಲು ಬಂತು ಅಂದ್ರೆ ಸಾಕು, ನಿನ್ನ ಲಿಫ್ಟು ಸೀದಾ ಗ್ರೌಂಡ್ ಫ್ಲೋರಿಗೇ."

"ಸಾರಿ ಅಂಕಲ್."

"ಸಾರಿ ಏನೂ ಬೇಡ. ಮೇಲೆ ಬಾ, ಸಾಕು."

ಬೆಂಚುಗಳಲ್ಲಿ ಕೂತಿದ್ದ ನಾಲ್ಕಾರು ಜನ ನಕ್ಕರು. ಅಮೂಲ್ಯಾ ಕೂಡ ನಕ್ಕಳು, ಕಣ್ಣು ಮಾತ್ರ ಪುಸ್ತಕದಿಂದ ಎತ್ತಲಿಲ್ಲ.

ಶನಿವಾರದ ಸಂಜೆ. ಬಸವೇಶ್ವರನಗರದ ಆ ಪುಟ್ಟ ಲೂಥರನ್ ಕ್ರೈಸ್ತ ದೇವಾಲಯದ ಹೊರಗೆ ಸೊಪ್ಪಿನ ಗಾಡಿಯವನು ಕೂಗುತ್ತಿದ್ದ. ಒಳಗೆ ಮರುದಿನದ ಆರಾಧನೆಗೆಂದು ಯಾರೋ ಪೀಠಕ್ಕೆ ಹಸಿರು ಬಟ್ಟೆ ಇಸ್ತ್ರಿ ಮಾಡಿ ಹಾಸಿಟ್ಟಿದ್ದರು. ಇನ್ನೊಂದು ವಾರಕ್ಕೆ ಹಸಿರು ಹೋಗಿ ಹಬ್ಬದ ಕೆಂಪು ಬರುತ್ತದೆ. ಅಕ್ಟೋಬರ್ ಕೊನೆಯಲ್ಲಿ, ತಮ್ಮ ಪಂಥ ಹುಟ್ಟಿದ ನೆನಪಿನ ಸುಧಾರಣಾ ಹಬ್ಬಕ್ಕೆ ಊರಿನ ಈ ದಿಕ್ಕಿನ ಲೂಥರನ್ ಸಭೆಗಳೆಲ್ಲ ಕೆಂಗೇರಿಯ ದೇವಾಲಯದಲ್ಲಿ ಒಟ್ಟು ಸೇರುವುದು ವಾಡಿಕೆ. ತಮಿಳಿನವರು, ತೆಲುಗಿನವರು, ಕನ್ನಡದವರು ಅವರವರ ಭಾಷೆಯಲ್ಲಿ ಒಂದೊಂದು ಕೀರ್ತನೆ ಹಾಡಬೇಕು. ಕನ್ನಡದವರದು ಎಲ್ಲಕ್ಕಿಂತ ಸಣ್ಣ ಸಭೆ. ಆದರೂ ನಾಲ್ಕು ದನಿಯಲ್ಲಿ ಹಾಡುವ ಅವರ ಹಬ್ಬದ ಕೀರ್ತನೆ ಒಂದು ವರ್ಷವೂ ತಪ್ಪಿರಲಿಲ್ಲ.

ಕೇಳಿದವರಿಗೆಲ್ಲ ಗುರುತು ಸಿಗುವ ರಾಗ ಮೊದಲನೆಯ ದನಿಯದು. ಅದರ ಕೆಳಗೆ ಅದನ್ನು ಬಿಡದೆ, ಆದರೆ ತನ್ನದೇ ದಾರಿಯಲ್ಲಿ ನಡೆಯುವುದು ಎರಡನೆಯದು. ಇನ್ನೂ ಕೆಳಗೆ ಗಂಡಸರ ಎರಡು. ಮೊದಲನೆಯದನ್ನು ಇಷ್ಟು ವರ್ಷ ಹಿಡಿದು ನಡೆಸಿದವಳು ಮುತ್ತವ್ವ. ಹೋದ ವರ್ಷ ಹಬ್ಬ ಮುಗಿಸಿ, ಕ್ರಿಸ್‌ಮಸ್ಸಿಗೆ ಮೊದಲೇ ಅವಳು ತೀರಿಕೊಂಡಳು. ಅಷ್ಟು ಮೇಲಕ್ಕೆ ಏರುವ ಕೊರಳು ಈಗ ಸಭೆಯಲ್ಲಿ ಅಮೂಲ್ಯಾಳದು ಒಂದೇ. ಕೊರಳೇನೋ ಏರುತ್ತಿತ್ತು, ಅಲ್ಲಿ ನಿಲ್ಲುತ್ತಿರಲಿಲ್ಲ.

ರಾಜೇಂದ್ರ ಕೀಬೋರ್ಡಿಗೆ ಹೊದಿಕೆ ಹಾಕುತ್ತ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: "ನೋಡೋಣಮ್ಮ. ಆಗ್ಲಿಲ್ಲ ಅಂದ್ರೆ ಈ ಸಲ ತಮಿಳು ಸಭೆಯೋರ ಜೊತೆ ನಿಂತ್ಕೊಂಡು ಬಾಯಾಡ್ಸೋಣ. ನಮ್ಮದು ಬಿಟ್ಬಿಡೋಣ." ಅವರು ಬೈದಿದ್ದರೆ ಅಮೂಲ್ಯಾಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಹೊರಗೆ ಸಂಪತ್ ಬೈಕಿನ ಮೇಲೆ ಕಾಯುತ್ತಿದ್ದ. "ಹತ್ಕೊಳೇ, ಹೇರೋಹಳ್ಳಿವರೆಗೂ ಬಿಡ್ತೀನಿ. ಅಲ್ಲ, ನೀನು ಕೆಳಗೆ ಬಂದ್ರೆ ನಾನು ಎಲ್ಲಿಗೆ ಹೋಗ್ಲಿ? ನನ್ನ ಏರಿಯಾಕ್ಕೆ ಯಾಕೆ ಬರ್ತೀಯ?"

"ನಾನು ನಿನ್ನ ಏರಿಯಾಕ್ಕೆ ಬರಲ್ಲ ಕಣೋ. ನಾನು ಇಳಿಯೋದು ಅಜ್ಜಿ ಏರಿಯಾಕ್ಕೆ."

ಅದು ನಿಜ. ಅಮ್ಮನದು ಆಸ್ಪತ್ರೆಯಲ್ಲಿ ಪಾಳಿ ಕೆಲಸ. ಅಮೂಲ್ಯಾ ಬೆಳೆದದ್ದು ಅಜ್ಜಿ ದೀನಮ್ಮನ ಮಗ್ಗುಲಲ್ಲಿ. ರಾತ್ರಿ ದೀಪ ಆರಿಸಿದ ಮೇಲೆ ಅಜ್ಜಿ ಕಥೆ ಶುರು ಮಾಡುತ್ತಿದ್ದಳು. ಅಕ್ಕತಂಗಿಯರಿಬ್ಬರು ತವರಿಗೆ ಹೊರಟಿದ್ದರಂತೆ. ಕೆರೆ ಏರಿಯ ಮೇಲೆ ಅಕ್ಕ, ಏರಿಯ ಕೆಳಗೆ ಗದ್ದೆಯ ಬದುವಿನಲ್ಲಿ ತಂಗಿ. ಅಕ್ಕನಿಗೆ ದಾರಿ ಕಾಣುತ್ತದೆ, ತಂಗಿಗೆ ಅಕ್ಕನ ಗೆಜ್ಜೆ ಕೇಳುತ್ತದೆ. "ಗೆಜ್ಜೆ ನಿಂತ್ರೆ?" ಎಂದು ಅಮೂಲ್ಯಾ ಪ್ರತಿ ಸಲವೂ ಕೇಳುತ್ತಿದ್ದಳು. "ನಿಂತ್ರೆ ತಂಗೀನೂ ನಿಲ್ತಾಳೆ. ಮಲ್ಕೋ ಈಗ," ಎಂದು ಅಜ್ಜಿ ಆ ಹಬ್ಬದ ಕೀರ್ತನೆಯನ್ನು ಗುನುಗುತ್ತ ಬೆನ್ನು ತಟ್ಟುತ್ತಿದ್ದಳು. ಅದೇ ಹಾಡು ಎಂದುಕೊಂಡೇ ಅಮೂಲ್ಯಾ ದೊಡ್ಡವಳಾದಳು. ಸಭೆಯೆದುರು ತನ್ನ ನಂಬಿಕೆ ಹೇಳಿ ದೃಢೀಕರಣ ಮುಗಿಸಿ ಗಾಯನ ಮಂಡಳಿಗೆ ಸೇರಿದ ದಿನವೇ ಅವಳಿಗೆ ಗೊತ್ತಾದದ್ದು, ಅದು ಬರೀ ಎರಡನೆಯ ದನಿ ಎಂದು. ಹಾಡು ಅದರ ಮೇಲೆ ಬೇರೆಯೇ ಹೋಗುತ್ತಿತ್ತು. ಹುಟ್ಟಿದಂದಿನಿಂದ ಇದ್ದ ಮನೆಗೆ ಮಹಡಿಯೊಂದಿದೆ ಎಂದು ಯಾರೋ ಮೆಟ್ಟಿಲು ತೋರಿಸಿದ ಹಾಗಾಗಿತ್ತು.

ಈಗಲೂ ವಿಜಯನಗರದ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಿವಿಗೆ ಫ್ರೇಮು ಕೂರಿಸುವಾಗ ಅವಳು ಮರೆತು ಗುನುಗುವುದು ಆ ಕೆಳಗಿನದನ್ನೇ.

ಹೇರೋಹಳ್ಳಿಯ ಮನೆ ಮೂರನೆಯ ಮಹಡಿಯಲ್ಲಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಅಜ್ಜಿ ಕೆಳಗಿಳಿದೇ ಇರಲಿಲ್ಲ. ಮಂಚದ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಬಂದ್ಯಾ? ಏನಂದ ರಾಜೇಂದ್ರ?"

"ನನ್ನ ಲಿಫ್ಟು ಗ್ರೌಂಡ್ ಫ್ಲೋರಿಗೇ ಹೋಗುತ್ತಂತೆ."

"ಅವನ ಅಪ್ಪನೂ ಹಾಗೇ. ಯಾರನ್ನಾದ್ರೂ ಅಳಿಸ್ದೆ ಪ್ರಾಕ್ಟೀಸ್ ಮುಗಿಸ್ತಿರ್ಲಿಲ್ಲ."

ಅಮೂಲ್ಯಾ ಅಜ್ಜಿಯ ಎದುರಿಗೆ ಕೂತು ಒಂದು ಹಿಡಿ ಕಾಯಿ ತನ್ನ ಕಡೆ ಎಳೆದುಕೊಂಡಳು. "ಅಜ್ಜಿ, ಮೊದಲನೇದು ಹೇಳ್ಕೊಡು. ಮೂರನೇ ಸಾಲಿಂದ."

"ನಂಗೆ ಬರಲ್ವಲ್ಲೇ."

"ಇಷ್ಟು ವರ್ಷ ಪಕ್ಕದಲ್ಲೇ ಕೂತು ಕೇಳಿದೀಯ."

"ಕೇಳಿದೀನಿ. ಹಾಡಿಲ್ಲ. ಅದು ಮುತ್ತವ್ವಂದು. ಅವಳ ಸೀರೆ ಉಟ್ಟಿದೀನಿ, ಅವಳ ಕೊಡೆ ಹಿಡ್ಕೊಂಡು ಬಂದಿದೀನಿ. ಅವಳ ದನೀನ ಹೆಂಗೆ ತಗೊಳ್ಲಿ?"

ಮುತ್ತವ್ವ ಗದಗದ ಕಡೆಯಿಂದ ಮದುವೆಯಾಗಿ ಬಂದವಳು. ಬಂದ ಮೊದಲ ಭಾನುವಾರವೇ ಕಿಟಕಿ ಪಕ್ಕದ ಬೆಂಚಿನಲ್ಲಿ ದೀನಮ್ಮನ ಹತ್ತಿರ ಕೂತು, "ನೀ ಕೆಳಗ ಹಿಡಿಯವಾ, ನಾ ಮ್ಯಾಲ ಹಿಡೀತೀನಿ," ಎಂದಿದ್ದಳಂತೆ. ಅಂದಿನಿಂದ ಇಬ್ಬರ ಜಾಗವೂ ಬದಲಾಗಿರಲಿಲ್ಲ, ಬೆಂಚಿನಲ್ಲೂ, ಹಾಡಿನಲ್ಲೂ. ಈಗ ಅಜ್ಜಿಯ ಜಾಗದಲ್ಲಿ ಅಮೂಲ್ಯಾ ಕೂರುತ್ತಾಳೆ. ಕಿಟಕಿ ಕಡೆಯ ಮುತ್ತವ್ವನ ಜಾಗದಲ್ಲಿ ಯಾರೂ ಕೂರುವುದಿಲ್ಲ. ದೇವಾಲಯ ತುಂಬಿ, ಹಿಂದೆ ಜನ ನಿಂತಿದ್ದರೂ ಅದು ಖಾಲಿಯೇ.

"ಹಾಗಾದ್ರೆ ಎರಡನೇದಾದ್ರೂ ಹಾಡು," ಎಂದಳು ಅಮೂಲ್ಯಾ. "ಅದರ ಮೇಲೆ ನಾನು ಹತ್ತೋಕೆ ನೋಡ್ತೀನಿ."

ಅಜ್ಜಿ ಒಂದು ಕಾಯಿಯ ತುದಿ ಮುರಿದು, ನಾರನ್ನು ಉದ್ದಕ್ಕೆ ಎಳೆದಳು. "ಗಂಟಲು ಕಟ್ಟಿದೆ ಕಣೇ."

ಗಂಟಲು ಹೋದ ಡಿಸೆಂಬರಿನಿಂದಲೂ ಕಟ್ಟಿತ್ತು.

ಮರುದಿನ ಮಧ್ಯಾಹ್ನ ಪಾಸ್ಟರ್ ಗಿರಿರಾಜ್ ಬಂದರು. ತಿಂಗಳ ಮೊದಲ ಭಾನುವಾರ ದೇವಾಲಯದಲ್ಲಿ ಕರ್ತನ ಭೋಜನ, ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ. ಮೆಟ್ಟಿಲಿಳಿದು ಬರಲಾಗದವರಿಗೆ ಅದೇ ತಿಂಗಳಲ್ಲಿ ಇನ್ನೊಂದು ಭಾನುವಾರ ಅವರೇ ಮನೆಗೆ ತರುತ್ತಾರೆ. ನಾಯಂಡಹಳ್ಳಿಯಲ್ಲಿ ಒಬ್ಬರು, ನಾಗರಬಾವಿಯಲ್ಲಿ ಒಬ್ಬರು, ಕೊನೆಗೆ ದೀನಮ್ಮ. ಕೊನೆಗೆ ಯಾಕೆಂದರೆ ಇಲ್ಲಿ ಕಾಫಿ ಚೆನ್ನಾಗಿರುತ್ತದೆ. ಈ ವರ್ಷವಷ್ಟೇ ಕೋಲಾರದ ಕಡೆಯಿಂದ ವರ್ಗವಾಗಿ ಬಂದ ಅವರಿಗೆ ಉಪದೇಶ ಚೆನ್ನಾಗಿ ಬರುತ್ತಿತ್ತು, ಹಾಡು ಬರುತ್ತಿರಲಿಲ್ಲ. ಅದಕ್ಕೇ ಜೊತೆಗೆ ರಾಜೇಂದ್ರ, ಸಂಪತ್.

ಅವರ ಮೆಟ್ಟಿಲ ಸದ್ದು ಕೇಳಿ ಕೆಳಗಿನ ಮನೆಯ ಲಕ್ಷ್ಮಿದೇವಮ್ಮನೂ ಹಿಂದೆಯೇ ಹತ್ತಿ ಬಂದಳು. ಈ ಕಟ್ಟಡ ಅವಳದೇ. ಮೊದಲು ಇಲ್ಲಿ ಅವಳ ಗಂಡನ ರಾಗಿ ಹೊಲವಿತ್ತು. ಈಗ ಉಳಿದಿರುವುದು ಹಿತ್ತಲಿನ ಕೊಟ್ಟಿಗೆ, ಅದರಲ್ಲಿ ಒಂದು ಹಸು. "ನಿಮ್ಮದು ನೀವು ಮಾಡ್ಕೊಳಿ, ನಾನು ಇಲ್ಲೇ ಕೂತಿರ್ತೀನಿ," ಎಂದು ಸೆರಗು ಹೊದ್ದು ಹೊಸಿಲ ಬಳಿ ಕೂತಳು.

ಪಾಸ್ಟರ್ ಮರದ ಪೆಟ್ಟಿಗೆ ತೆರೆದು ಟೀಪಾಯಿಯ ಮೇಲೆ ಬಿಳಿಯ ಬಟ್ಟೆ ಹಾಸಿದರು. ಬೆರಳುದ್ದದ ಶಿಲುಬೆ, ಎರಡು ಮೋಂಬತ್ತಿ, ಬೊಂಬೆಯಾಟದ್ದೇನೋ ಎನ್ನುವಷ್ಟು ಪುಟ್ಟ ಬೆಳ್ಳಿಯ ಲೋಟ. ಪಾಪನಿವೇದನೆಯಾಯಿತು, ಕ್ಷಮೆಯ ಮಾತಾಯಿತು. ಅಜ್ಜಿ ಎರಡೂ ಅಂಗೈ ಒಂದರ ಮೇಲೊಂದಿಟ್ಟು ರೊಟ್ಟಿ ತೆಗೆದುಕೊಂಡಳು, ದ್ರಾಕ್ಷಾರಸ ಕುಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಳು. ಬೀದಿಯಲ್ಲಿ ನೀರಿನ ಟ್ಯಾಂಕರೊಂದು ಹಳ್ಳಕ್ಕಿಳಿದು ಏರಿ ಹೋಯಿತು.

"ಒಂದು ಕೀರ್ತನೆ ಹಾಡಿ ಮುಗಿಸೋಣ," ಎಂದರು ಪಾಸ್ಟರ್. "ನಾನು ಸುಮ್ನಿರ್ತೀನಿ. ನಾನು ಹಾಡಿದ್ರೆ ಅಜ್ಜೀದು ಬಿ.ಪಿ. ಏರುತ್ತೆ."

"ಅಜ್ಜೀನೇ ಹಾಡ್ಲಿ ಬುಡಿ ಪಾಸ್ಟ್ರೇ," ಎಂದಳು ಲಕ್ಷ್ಮಿದೇವಮ್ಮ ಹೊಸಿಲಿನಿಂದ. "ಮುಂಚೆ ಈಯಮ್ಮ ಮೇಲೆ ಹಾಡ್ತಿದ್ರೆ ನಮ್ಮ ಹಸ ಕೆಳಗೆ ಅಲ್ಲಾಡ್ದೆ ನಿಂತ್ಕೊಂಡು ಹಾಲು ಕೊಡೋದು. ಈಗ ದಿನಾ ಒದೀತದೆ."

ಅಜ್ಜಿ ನಕ್ಕಳು. ಗಂಟಲು ಮುಟ್ಟಿ ತೋರಿಸಿ, ಬೇಡವೆಂದು ಕೈಯಾಡಿಸಿದಳು.

"ಹಬ್ಬದ್ದೇ ಹಾಡೋಣ. ನಮಗೂ ಪ್ರಾಕ್ಟೀಸ್ ಆಗುತ್ತೆ," ಎಂದು ರಾಜೇಂದ್ರ ಗಂಟಲಲ್ಲಿ ಸ್ವರ ಕೊಟ್ಟರು.

ಅಮೂಲ್ಯಾ ಅಜ್ಜಿಯ ಪಕ್ಕ, ಮಂಚದ ಅಂಚಿನಲ್ಲಿ ಕೂತಿದ್ದಳು. ಶುರು ಮಾಡಿದಳು. ಮೊದಲ ಸಾಲು ಸರಿಯಾಗಿ ಹೋಯಿತು, ಎರಡನೆಯದೂ ಹೋಯಿತು. ಮೂರನೆಯ ಸಾಲಿನಲ್ಲಿ ರಾಗ ಏರಿ ಮೇಲೆ ನಿಲ್ಲಬೇಕಾದ ಕಡೆ ಯಾರೋ ಸೆರಗು ಹಿಡಿದು ಎಳೆದಂತಾಗಿ, ದನಿ ತಾನಾಗಿ ಆ ಹಳೆಯ, ಬೆಚ್ಚಗಿನ ಕೆಳದಾರಿಗೆ ಜಾರಿತು. ರಾಜೇಂದ್ರ ಕಣ್ಣು ಮುಚ್ಚಿಕೊಂಡರು.

ಅಮೂಲ್ಯಾಳ ತೊಡೆಯ ಮೇಲೆ ಪಟ್ಟನೆ ಒಂದು ಏಟು ಬಿತ್ತು.

"ಏಳು," ಎಂದಳು ಅಜ್ಜಿ. "ಅಲ್ಲಿ ಯಾಕೆ ಬಂದು ಕೂತ್ಕೋತೀಯ? ಅದು ನನ್ನ ಜಾಗ."

ಪಾಸ್ಟರ್ ಗಿರಿರಾಜ್ ಗಡಬಡಿಸಿ ಕುರ್ಚಿಯಿಂದ ಅರ್ಧ ಎದ್ದರು.

"ನಿಮಗಲ್ಲ ಅಯ್ಯನೋರೇ, ನೀವು ಕೂತ್ಕೊಳಿ. ಇವಳಿಗೆ." ಅಜ್ಜಿ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ದೇವಾಲಯದ ಬೆಂಚಿನಲ್ಲಿ ಹಾಗೆ ಕೂರುತ್ತಿದ್ದಳು. "ಆ ಕಡೆ ಸರಿ. ಕಿಟಕಿ ಕಡೆಗೆ. ಮೂರನೇ ಸಾಲು, ಇನ್ನೊಂದ್ಸಲ."

ಅಮೂಲ್ಯಾ ಎದ್ದು ಅಜ್ಜಿಯ ಇನ್ನೊಂದು ಮಗ್ಗುಲಿಗೆ, ಕಿಟಕಿಯ ಕಡೆ ಹೋಗಿ ಕೂತಳು.

ಈ ಸಲ ಮೊದಲು ಬಂದದ್ದು ಅಜ್ಜಿಯ ದನಿ. ಬಹಳ ದಿನ ನೀರು ಸೇದದ ಬಾವಿಯ ರಾಟೆಯ ಹಾಗೆ ಕಿರುಗುಟ್ಟಿತು, ಒಂದು ಕಡೆ ಒಡೆಯಿತು, ಆಮೇಲೆ ತನ್ನ ದಾರಿ ಹಿಡಿಯಿತು. ಅಮೂಲ್ಯಾಳಿಗೆ ಅದರ ಪ್ರತಿ ತಿರುವೂ ಗೊತ್ತಿತ್ತು. ಗೊತ್ತಿದ್ದೂ ಅತ್ತ ಹೋಗಲಿಲ್ಲ. ಹೋಗುವ ಅಗತ್ಯವಿರಲಿಲ್ಲ, ಅಲ್ಲಿ ಆಗಲೇ ಒಬ್ಬರು ನಡೆಯುತ್ತಿದ್ದರು. ಅವಳು ಮೇಲಕ್ಕೆ ಹೋದಳು. ರಾಗ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಸಂಪತ್ ಕೆಳಗಿನಿಂದ ಬಂದು ಸೇರಿಕೊಂಡ. ಹಾಡುವುದನ್ನು ಮರೆತು ಕೂತಿದ್ದ ರಾಜೇಂದ್ರ ಕಡೆಯ ಸಾಲಿಗೆ ಅವಸರವಾಗಿ ಬಂದು ಕೂಡಿಕೊಂಡರು.

ಮುಗಿದ ಮೇಲೆ ಲಕ್ಷ್ಮಿದೇವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಕಾಫಿ ನಾನು ಇಡ್ತೀನಿ, ಈ ಹುಡುಗಿ ಇಲ್ಲೇ ಇರ್ಲಿ," ಎಂದು ಒಳಗೆ ಹೋದಳು.

ಆ ವಾರವೆಲ್ಲ ಅಂಗಡಿಯಿಂದ ಬಂದೊಡನೆ ಅಮೂಲ್ಯಾ ಕಿಟಕಿ ಕಡೆ ಕೂರುತ್ತಿದ್ದಳು. ಅಜ್ಜಿ ಕಾಯಿ ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ತನ್ನದನ್ನು ಹಾಡುತ್ತಿದ್ದಳು. ತಪ್ಪಿದರೆ ತೊಡೆಗೆ ಏಟು. ಶುಕ್ರವಾರದ ಹೊತ್ತಿಗೆ ಏಟು ನಿಂತಿತ್ತು.

ಕೆಂಗೇರಿಯಲ್ಲಿ ಹಬ್ಬದ ಬೆಳಗು. ಪೀಠದ ಮೇಲೆ ಕೆಂಪು ಬಟ್ಟೆ, ಹೊರಗೆ ಶಾಮಿಯಾನದಡಿ ಊಟದ ಹಂಡೆಗಳು. ತಮಿಳಿನವರ ದೊಡ್ಡ ಗಾಯನ ಮಂಡಳಿ ಹಾಡಿ ಕೂತಿತು, ತೆಲುಗಿನವರು ಹಾಡಿದರು. ಕನ್ನಡದವರು ಎದ್ದಾಗ ಪೀಠದ ಮುಂದಿನ ಮೆಟ್ಟಿಲು ಅರ್ಧವೂ ತುಂಬಲಿಲ್ಲ. ಎರಡನೆಯ ದನಿಗೆ ಈ ಸಲ ಇದ್ದದ್ದು ಕಾಲೇಜಿಗೆ ಹೋಗುವ ಚೈತ್ರ ಒಬ್ಬಳೇ. ಅವಳು ಎಲ್ಲರ ಹಿಂದೆ ಹೋಗಿ ನಿಂತಳು. ಅಮೂಲ್ಯಾ ಅವಳನ್ನು ಮೆಲ್ಲಗೆ ತನ್ನ ಎಡಕ್ಕೆ ಎಳೆದುಕೊಂಡು, ತಾನು ಕಿಟಕಿಯ ಕಡೆ ಸರಿದಳು.

"ಯಾಕಕ್ಕಾ?" ಎಂದಳು ಚೈತ್ರ ಪಿಸುದನಿಯಲ್ಲಿ.

"ನೀನು ಕೆಳಗೆ ಹಿಡಿ."

ಮೂರನೆಯ ಸಾಲು ಬಂತು. ಚೈತ್ರಳ ದನಿ ತೆಳ್ಳಗಿತ್ತು, ಒಂದೆರಡು ಕಡೆ ತಡವರಿಸಿತು. ಅಮೂಲ್ಯಾಳ ಕೊರಳು ಆ ಕಡೆಗೆ ಒಂದು ಕ್ಷಣ ವಾಲಿತು. ತೊಡೆ ಚುರ್ರೆಂದ ಹಾಗಾಯಿತು. ಅವಳು ಮೇಲಕ್ಕೆ ಹೋಗಿ ಅಲ್ಲೇ ನಿಂತಳು. ಕೆಳಗೆ ಚೈತ್ರ ಅದನ್ನು ಕೇಳಿಸಿಕೊಂಡು, ಹೆಜ್ಜೆ ಸರಿಮಾಡಿಕೊಂಡು ಬಂದಳು.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಅಜ್ಜಿ ಮಂಚದಲ್ಲಿ ಕಿಟಕಿಯ ಕಡೆ ಜಾಗ ಬಿಟ್ಟು ಕೂತಿದ್ದಳು, ಮುಂದೆ ಮೊರ.

"ಹಾಡಿದ್ರಾ?"

"ಹಾಡಿದ್ವಿ."

"ಊಟಕ್ಕೆ ಏನಿತ್ತು?"

"ಬಿರಿಯಾನಿ. ಅದರಲ್ಲಿ ಪೀಸೇ ಇರ್ಲಿಲ್ಲ ಅಂತ ಸಂಪತ್ ಇನ್ನೂ ಅಳ್ತಾ ಇದಾನೆ."

"ಮೂರನೇ ಸಾಲು?"

ಅಮೂಲ್ಯಾ ಚಪ್ಪಲಿ ಬಿಟ್ಟು ಬಂದು ಆ ಖಾಲಿ ಜಾಗದಲ್ಲಿ ಕೂತಳು. "ಚೈತ್ರ ನಿಂತಿದ್ಲು ನಿನ್ನ ಜಾಗದಲ್ಲಿ. ಸ್ವಲ್ಪ ಹೆದರ್ಕೊಂಡಿದ್ಲು."

"ಕರ್ಕೊಂಡು ಬಾ ಅವಳನ್ನ ಒಂದಿನ," ಎಂದಳು ಅಜ್ಜಿ. ಮೊರವನ್ನು ಇಬ್ಬರ ನಡುವೆ ಸರಿಸಿ, ಅಕ್ಕಿಯಲ್ಲಿ ಬೆರಳಾಡಿಸುತ್ತ ಗುನುಗತೊಡಗಿದಳು. ಅಮೂಲ್ಯಾ ಸ್ವಲ್ಪ ಹೊತ್ತು ಕೇಳಿ, ಮೇಲಿನದನ್ನು ಎತ್ತಿಕೊಂಡಳು.

ಕೆಳಗೆ ಕೊಟ್ಟಿಗೆಯಲ್ಲಿ ಲಕ್ಷ್ಮಿದೇವಮ್ಮ ಹಾಲು ಕರೆಯಲು ಕೂತಿದ್ದಳು. ತಂಬಿಗೆಗೆ ಹಾಲು ಬೀಳುವ ಸದ್ದು ಎಲ್ಲೂ ತಡೆಯದೆ ಮೇಲಿನವರೆಗೂ ಕೇಳುತ್ತಿತ್ತು.