ಛತ್ರಿ ಪತ್ತೇದಾರನ ತೊದಲು

ಔಷಧದಂಗಡಿಯ ಮುಂದೆ ಐದಾರು ಜನರ ಸಾಲು. ಅದರ ಬಾಲದಲ್ಲಿ ನಿಂತಿದ್ದವನನ್ನು ಸ್ಟುಡಿಯೋದವರು ಗಿಣಿ ಎಂದು ಕರೆಯುತ್ತಿದ್ದರು. ಯಾರ ದನಿಯನ್ನು ಒಮ್ಮೆ ಕೇಳಿದರೂ ಸಾಕು, ಹಾಗೇ ಉಲಿಯುತ್ತಿದ್ದ ಕಂಠದಾನ ಕಲಾವಿದ. ಇವತ್ತು ಗಂಟಲು ಕಟ್ಟಿ ಗಿಣಿ ಹೋಗಿ ಗೂಬೆಯಾಗಿದ್ದ. ಕೌಂಟರಿನ ಹಿಂದೆ ಅವನ ತಂಗಿಯೇ ಇದ್ದಳು. ಅವಳಿಗಿನ್ನೂ ಅಣ್ಣ ಕಂಡಿರಲಿಲ್ಲ.

ಸಾಲಿನ ಮುಂದಿದ್ದ ಹೆಲ್ಮೆಟ್ಟಿನವನಿಗೆ ಅವಳು ಮಾತ್ರೆಯ ಪಟ್ಟಿ ತೋರಿಸಿದಳು. "ಇದನ್ನ ಊ... ಊ..."

"ಊ-ಊ-ಊಳಿಡೋ ನಾಯಿನಾ ಸಾರ್?" ಎಂದ ಹೆಲ್ಮೆಟ್ಟಿನವನು.

ಸಾಲು ಗೊಳ್ಳೆಂದಿತು. ಅದು ಯಾರ ಅನುಕರಣೆ ಎಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಟೀವಿಯ ಛತ್ರಿ ಪತ್ತೇದಾರನನ್ನು ನೋಡದ ಮನೆಯೇ ಇರಲಿಲ್ಲ. ಯೋಚನೆ ಬಂದರೆ ನಡುಮನೆಯಲ್ಲೇ ಛತ್ರಿ ಬಿಚ್ಚುವವನು, ಆರೋಪಿಯನ್ನು ಬಿಟ್ಟು ಅವನ ಚಪ್ಪಲಿಯನ್ನು ವಿಚಾರಿಸುವವನು. ಕಳ್ಳನ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ತೊದಲುತ್ತಿದ್ದ. "ಕ-ಕ..." ಎಂದರೆ ಸಾಕು, ಪಕ್ಕದ ಪೇದೆ ಬಾಯಿ ಹಾಕಿ "ಕಾಗೆನಾ ಸಾರ್?" ಎನ್ನುತ್ತಿದ್ದ. ಪತ್ತೇದಾರನ ಮುಖ ಯಾರೋ ನಟನದು, ದನಿ ಗಿಣಿಯದು.

ಗಿಣಿಗೆ ಮೊದಲು ಹೊಳೆದದ್ದು ನಾಚಿಕೆಗೇಡಿನ ವಿಷಯವೇ. ಹೆಲ್ಮೆಟ್ಟಿನವನ ಎರಡನೇ 'ಊ' ಇನ್ನೂ ಸ್ವಲ್ಪ ಮೂಗಿನಿಂದ ಬರಬೇಕಿತ್ತಲ್ಲ ಎಂದುಕೊಂಡ. ಆಮೇಲೆ ತಂಗಿಯ ಮುಖ ನೋಡಿದ. ಅವಳು ಮಾತು ಅಲ್ಲಿಗೇ ಬಿಟ್ಟು, ಪೆನ್ನು ತೆಗೆದು, ಪೊಟ್ಟಣದ ಮೇಲೆ 'ಊಟದ ನಂತರ' ಎಂದು ಬರೆಯುತ್ತಿದ್ದಳು. ಮುಂದಿನವರಿಗೂ ಬರೆದೇ ಕೊಟ್ಟಳು. ಗಿಣಿ ಸಾಲಿನಿಂದ ಜಾರಿಕೊಂಡ.

ಸಂಜೆ ಮನೆಗೆ ಬಂದವಳು ಚೀಲ ಕೆಳಗಿಡುತ್ತಲೇ ಹೇಳಿದಳು. "ಸೋಮವಾರದಿಂದ ಹಿಂದಿನ ಗೋಡೌನಿಗೆ ಹಾಕಿ ಅಂತ ಓನರ್‌ನ ಕೇಳ್ಕೊಂಡಿದೀನಿ."

"ಕೌಂಟರೇ ಬೇಕು ಅಂತ ಹಠ ಹಿಡಿದು ಗೆದ್ದವಳು ನೀನು! ಈಗ ಡಬ್ಬ ಎಣಿಸೋಕೆ ಹೋಗ್ತೀಯಾ?"

"ಆಗ ಜನ ಕಾ... ಕಾ..."

"ಕಾಡ್ತಿರಲಿಲ್ಲ."

"ಕಾಯ್ತಿದ್ರು," ಎಂದಳು ತಂಗಿ.

ಗಿಣಿ ತಲೆ ತಗ್ಗಿಸಿದ. "ನಾನು ಇವತ್ತು ಸಾಲಲ್ಲೇ ಇದ್ದೆ ಪುಟ್ಟಿ. ನಾಳೆ ಕೊನೇ ಕಂತಿನ ಡಬ್ಬಿಂಗ್ ಇದೆ. ಆ ತೊದಲನ್ನೇ ಕಿತ್ತುಹಾಕಿಬಿಡ್ತೀನಿ."

"ಬೇಡ!" ಆ ಮಾತಿಗೆ ಮಾತ್ರ ಅವಳ ನಾಲಿಗೆ ಎಲ್ಲೂ ಎಡವಲಿಲ್ಲ. "ನನ್ನ ಥರ ಮಾತಾಡೋ ಬುದ್ಧಿವಂತನ್ನ ಟೀವೀಲಿ ನೋಡಿದ್ದು ಅವನೊಬ್ಬನ್ನೇ. ಆ ತೊದಲು ನಂದು ಅಂತ ಮೊದಲನೇ ದಿನಾನೇ ಗೊತ್ತಾಯ್ತು. ಮಾತಿಗೆ ಮುಂಚೆ ಒಂದು ಸಣ್ಣ ಉಸಿರು ಎಳ್ಕೋತಾನಲ್ಲ, ಅದು ನಾನೇ."

ಗಿಣಿ ದಂಗಾದ. ಧಾರಾವಾಹಿಯ ಬರಹದಲ್ಲಿ ಇದ್ದದ್ದು 'ತಡವರಿಸುತ್ತಾನೆ' ಎಂಬ ಒಂದೇ ಪದ. ಉಳಿದದ್ದೆಲ್ಲ ತನ್ನ ಪ್ರತಿಭೆ ಎಂದು ಬೀಗಿದ್ದ. ಕಳ್ಳರನ್ನು ಹಿಡಿಯುವವನ ದನಿಯೇ ಕದ್ದ ಮಾಲು!

"ಕೋಪ ಬರಲಿಲ್ವಾ?"

"ಖುಷಿ ಆಗಿತ್ತು. ಕೋಪ ಇರೋದು ಆ ಪೇ... ಪೇದೆ ಮೇಲೆ. ಬಾಯಲ್ಲಿರೋ ಮಾತನ್ನ ಕಿತ್ಕೋತಾನೆ, ಜನ ನಗ್ತಾರೆ." ಅಣ್ಣನ ಕಡೆ ತಿರುಗಿ ಸೇರಿಸಿದಳು. "ನೀನೂ ಹಾಗೇ ಮಾಡ್ತೀಯ ಅಣ್ಣ. ಚಿಕ್ಕಂದಿನಿಂದ."



ಮರುದಿನ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ತೆರೆಯ ಮೇಲೆ ಕೊನೆಯ ದೃಶ್ಯ ಓಡುತ್ತಿತ್ತು. ಕಾಣೆಯಾದ ಹುಡುಗನ ತಾಯಿಯ ಎದುರು ಪತ್ತೇದಾರ ನಿಂತಿದ್ದಾನೆ. "ನಿಮ್ಮ ಮ-ಮ..." ಎನ್ನುತ್ತಾನೆ. ಪೇದೆ "ಮಂಗನಾ ಸಾರ್?" ಎನ್ನಬೇಕು.

"ಪೇದೆ ಬೆನ್ನು ತಾನೇ ಕಾಣೋದು ಸಾರ್? ತುಟಿ ಆಡೋದು ಯಾರಿಗೂ ಕಾಣಲ್ಲ. ಅವನ ಮಾತು ತೆಗೆದುಬಿಡೋಣ," ಎಂದ ಗಿಣಿ.

ನಿರ್ದೇಶಕರು ಗಾಜಿನಾಚೆಯಿಂದ ಕಣ್ಣರಳಿಸಿದರು. "ಗಂಟಲು ಕಟ್ಟಿದ್ರೆ ತಲೆನೂ ಕಟ್ಟುತ್ತಾ ನಿಂಗೆ? ಜನ ಕಾಯೋದೇ ಆ ಒಂದು ಮಾತಿಗೆ ಕಣಯ್ಯ. ಯಾರನ್ನೂ ನೋಯಿಸಬೇಕು ಅಂತ ನಾವು ಮಾಡ್ತಿಲ್ಲ. ಮನೆಮಂದಿಯೆಲ್ಲ ಕೂತು ನಗ್ತಾರೆ."

"ನಮ್ಮನೇಲಿ ಒಬ್ಬಳು ನಗಲ್ಲ ಸಾರ್." ಗಿಣಿ ಅಂಗಡಿಯ ಸಾಲಿನ ಕಥೆಯನ್ನು ಹೇಳಿದ, ಯಾರ ದನಿಯನ್ನೂ ಅನುಕರಿಸದೆ. "ಒಂದು ಸಲ ನನ್ನ ಥರ ಮಾಡಿ ನೋಡೋಣ. ಹಿಡಿಸದಿದ್ರೆ ಮಂಗನ್ನ ವಾಪಸ್ ಕರೆಸಿ."

ನಿರ್ದೇಶಕರು ಗೊಣಗಿಕೊಂಡೇ ಕೈ ಆಡಿಸಿದರು. ಗಿಣಿ ಮೈಕಿಗೆ ಹತ್ತಿರವಾದ. ಸಣ್ಣ ಉಸಿರು ಎಳೆದುಕೊಂಡ. "ನಿಮ್ಮ ಮ... ಮ..." ಯಾರೂ ಬಾಯಿ ಹಾಕಲಿಲ್ಲ. ತೆರೆಯ ಮೇಲಿನ ತಾಯಿ ಅವನ ತುಟಿಯನ್ನೇ ನೋಡುತ್ತಾ ನಿಂತಿದ್ದಳು. "ಮಗ ಬದುಕಿದ್ದಾನಮ್ಮ."

ಧ್ವನಿ ತಂತ್ರಜ್ಞ ಗುಂಡಿಯ ಮೇಲಿಟ್ಟ ಬೆರಳನ್ನು ಎತ್ತುವುದನ್ನೇ ಮರೆತ. ನಿರ್ದೇಶಕರು ಕನ್ನಡಕ ಒರೆಸಿದರು. "ಹಾಳಾದ ಧೂಳು," ಎಂದರು. ಧೂಳು ಒಳಬರಲು ಆ ಕೋಣೆಗೆ ಕಿಟಕಿಯೇ ಇರಲಿಲ್ಲ. "ಇದನ್ನೇ ಇಟ್ಕೋ. ಬೈಗುಳ ಬಂದ್ರೆ ನಿನ್ನ ನಂಬರ್ ಕೊಡ್ತೀನಿ."

ಭಾನುವಾರ ಸಂಜೆ ಅಣ್ಣ-ತಂಗಿ ಇಬ್ಬರೇ ಟೀವಿಯ ಮುಂದೆ ಕೂತರು. ಪತ್ತೇದಾರ ತೊದಲಿದ, ತಾಯಿ ಕಾದಳು, ಮಾತು ಬಂತು. ತಂಗಿ ದಿಂಬನ್ನು ಎದೆಗವಚಿಕೊಂಡು ಅಲುಗಾಡದೆ ಕೂತಿದ್ದಳು. ಜಾಹೀರಾತು ಶುರುವಾದ ಮೇಲೆ ತೆರೆಯಿಂದ ಕಣ್ಣು ತೆಗೆಯದೆಯೇ ಬಾಯಿ ತೆರೆದಳು.

"ಅಣ್ಣ, ನಾಳೆ ನಾನು ಗೋ... ಗೋ..."

ಗೋಡೌನ್ ಎಂಬ ಪದ ಗಿಣಿಯ ನಾಲಿಗೆಯ ತುದಿಗೆ ಬಂದು ಕೂತಿತು. ನುಂಗಿದ. ಅವಳಿಗೆ ಆ ಪದವೇ ಬರುವುದಾದರೆ, ಅವಳದೇ ಬಾಯಿಂದ ಬರಲಿ ಎಂದುಕೊಂಡ. ಜಾಹೀರಾತಿನಲ್ಲಿ ಯಾರೋ ಸೋಪು ಹಚ್ಚಿಕೊಂಡು, ತೊಳೆದುಕೊಂಡು, ಒರೆಸಿಕೊಂಡೂ ಮುಗಿಸಿದರು.

"ಗೋ... ಗೋಡೆ ನೋಡ್ಕೊಂಡು ಕೂರಲ್ಲ," ಎಂದಳು ತಂಗಿ. "ಕೌಂಟರಿಗೇ ಹೋಗ್ತೀನಿ."